ಇಪ್ಪತ್ತಕ್ಕೆ ಹದಿನೆಂಟು

ಅವಳಿಗೆ ಓದಮ್ಮ ಎಂಬ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲ ದಿನವೇ. ಕಿವಿ ಮಂದವಾದವರಿಗೆ ಯಂತ್ರ ತಯಾರಿಸುವ ಕಂಪನಿ ಅದು. ಯಜಮಾನರು ಅವಳ ಕೈಗೆ ಇಪ್ಪತ್ತು ಪದಗಳ ಹಾಳೆಯೊಂದನ್ನು ಕೊಟ್ಟು, ಗಾಜಿನ ಆಚೆ ಕುಳಿತು, "ಓದಮ್ಮ" ಎಂದರು. ಅವಳು ಓದಿದಳು. ಕಾಲು, ಹಾಲು, ಸಾಲು, ಪಾಲು. ಕಲ್ಲು, ಹಲ್ಲು, ಹುಲ್ಲು, ಬಿಲ್ಲು. ಒಂದಕ್ಕೆ ಹೆಚ್ಚು ಒತ್ತಿಲ್ಲ, ಇನ್ನೊಂದಕ್ಕೆ ಕಡಿಮೆಯಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, "ಇನ್ನೊಂದ್ಸಲ ಓದಮ್ಮ" ಎಂದರು. ಬಾಗಿಲಲ್ಲಿ ನಿಂತಿದ್ದವರಿಗೆ ಅಷ್ಟೇ ಸಾಕಾಯಿತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದ್ದರೂ ಅದರಿಂದ ಕರೆಯುವವರು ಯಾರೂ ಉಳಿಯಲಿಲ್ಲ.

ಅವಳ ಕೆಲಸ ಕೇಳುವವರಿಗೆ ನಗು ಬರಿಸುವಂಥದು. ದಿನವಿಡೀ ಪದ ಓದುವುದು. ಆ ಕೋಣೆಯ ಗೋಡೆಗಳಿಗೆ ದಪ್ಪ ಹೊದಿಕೆ, ಒಂದರ ಹಿಂದೆ ಒಂದರಂತೆ ಎರಡು ಬಾಗಿಲು. ಒಳಗೆ ಹೋದರೆ ನುಂಗಿದ ಉಗುಳಿನ ಸದ್ದೂ ನಮಗೇ ಕೇಳಿಸಬೇಕು. ಗಾಜಿನ ಆ ಬದಿಯಲ್ಲಿ ಕಿವಿಗೆ ಯಂತ್ರ ಹಾಕಿಕೊಂಡವರು, ಈ ಬದಿಯಲ್ಲಿ ಮೈಕಿನ ಮುಂದೆ ಓದಮ್ಮ. ಅವಳು ಬಾಯಿಗೆ ಅಡ್ಡವಾಗಿ ಒಂದು ರಟ್ಟು ಹಿಡಿದು ಓದುತ್ತಿದ್ದಳು, ತುಟಿ ನೋಡಿ ಯಾರೂ ಪದ ಕದಿಯಬಾರದೆಂದು. ಕೇಳಿದ್ದನ್ನು ಅವರು ತಿರುಗಿ ಹೇಳಬೇಕು. ಇಪ್ಪತ್ತರಲ್ಲಿ ಹದಿನೆಂಟು ಸರಿ ಬಂದರೆ ಆ ಯಂತ್ರ ಪಾಸು. ಅದಕ್ಕಿಂತ ಕಡಿಮೆ ಬಂದದ್ದಕ್ಕೆ ಕಂಪನಿಯಲ್ಲಿ ಒಂದೇ ಹೆಸರು: ಆಟದ ಸಾಮಾನು. ಓದಮ್ಮ ಆಟದ ಸಾಮಾನು ಎಂದಳೆಂದರೆ ಮುಗಿಯಿತು, ಯಜಮಾನರೂ ಅದರ ಮೇಲೆ ಮಾತಾಡುತ್ತಿರಲಿಲ್ಲ. ಆ ಗತ್ತು ಅವಳಿಗೆ ಒಗ್ಗಿಹೋಯಿತು. ಯಾರಿಗೆ ತಾನೆ ಒಗ್ಗುವುದಿಲ್ಲ?

ಆ ದನಿ ಅವಳಿಗೆ ಅಕ್ಕ ಕೊಟ್ಟದ್ದು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಸಾಕಿದವಳು ಅಕ್ಕ. ಹೊಲಿಗೆ ಯಂತ್ರ ತುಳಿಯುತ್ತ, "ಗಟ್ಟಿಯಾಗಿ ಓದು, ಮೆಷಿನ್ ಸದ್ದಲ್ಲಿ ನಂಗೆ ಕೇಳಲ್ಲ" ಎಂದು ಪಾಠ ಓದಿಸಿದವಳು. ಆಮೇಲೆ ಒಬ್ಬಳಿಗೆ ಮದುವೆಯಾಗಿ ಮುರಿದುಬಿತ್ತು, ಇನ್ನೊಬ್ಬಳಿಗೆ ಆಗಲೇ ಇಲ್ಲ. ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಒಟ್ಟಿಗೇ ಇದ್ದರು. ಒಂದರಲ್ಲಿ ಮಂಚಗಳು, ಇನ್ನೊಂದರಲ್ಲಿ ಒಲೆ, ಮೇಜು, ಅಕ್ಕನ ಹೊಲಿಗೆ ಯಂತ್ರ, ಹೊಲಿಸಿಕೊಳ್ಳಲು ಬಂದವರಿಗೆ ಒಂದು ಕುರ್ಚಿ.

ಅಕ್ಕನ ಕಿವಿ ಮಂದವಾಗತೊಡಗಿದ್ದು ಯಾವಾಗ ಎಂದು ಯಾರಿಗೂ ತಿಳಿಯದು. ಸೊಂಟದ ಅಳತೆ ಹೇಳಿದರೆ ತೋಳಿಗೆ ಬರೆದುಕೊಂಡಳು ಎಂಬ ಒಂದು ದೂರು ಬಂತು, ಇನ್ನೊಂದು ಬಂತು. ಓದಮ್ಮ ಅವಳನ್ನು ಕೋಣೆಗೆ ಕರೆದೊಯ್ದು, ಯಂತ್ರವಿಲ್ಲದೆಯೇ ಕೂರಿಸಿ ಓದಿದಳು. ಹದಿನಾರು ಸರಿ ಬಂತು. ಅಂದರೆ ಸಣ್ಣ ಮಂದ. ಅಷ್ಟರ ಹೊತ್ತಿಗೆ ಕಂಪನಿ ಸಣ್ಣ ಮಂದದವರಿಗೆ ಯಂತ್ರ ಕೊಡುವುದನ್ನೇ ಬಿಟ್ಟಿತ್ತು. ಯಜಮಾನರ ಗಿರಾಕಿಗಳೆಂದರೆ ದೊಡ್ಡ ಆಸ್ಪತ್ರೆಗಳ ಕಿವಿ ತಜ್ಞರು. ಅವರು ಕೇಳುತ್ತಿದ್ದದ್ದು ಇನ್ನೂ ನಯವಾದದ್ದು, ಇನ್ನೂ ಗಟ್ಟಿಯಾದದ್ದು, ಪೂರ್ತಿ ಕಿವುಡರಿಗೂ ಹುಲ್ಲು ಹಲ್ಲುಗಳ ವ್ಯತ್ಯಾಸ ತಿಳಿಸುವಂಥದ್ದು. ಗಿರಾಕಿಯ ಮಾತು ಕೇಳಬೇಕು ಎಂಬುದು ಯಜಮಾನರ ಮಂತ್ರ, ಅವರು ಕೇಳುತ್ತಲೂ ಇದ್ದರು. ಪ್ರತಿ ವರ್ಷವೂ ಯಂತ್ರ ಮೊದಲಿಗಿಂತ ಚೆನ್ನಾಗುತ್ತಿತ್ತು, ಮೊದಲಿಗಿಂತ ದುಬಾರಿಯಾಗುತ್ತಿತ್ತು. ಸಿಬ್ಬಂದಿಯ ಮನೆಯವರಿಗೆ ಸರದಿಯಂತೆ ಪುಕ್ಕಟೆ ಎಂಬ ಒಂದು ನಿಯಮವಿತ್ತು. ಆಸ್ಪತ್ರೆಯ ಬೇಡಿಕೆ ಮುಗಿಯುವತನಕ ಸರದಿ ಮುಂದೆ ಹೋಗುತ್ತಿರಲಿಲ್ಲ.

"ಇನ್ನೂ ಟೈಮಿದೆ ಅಕ್ಕ" ಎಂದಳು ಓದಮ್ಮ. "ಈಗ ಇರೋದು ನಿಂಗೆ ಭಾರ ಆಗುತ್ತೆ. ಮುಂದಿನ ಮಾದರಿ ಬರಲಿ."

"ತಾಳಿದವನು ಬಾಳಿಯಾನು ಅಂತಾರಲ್ಲ" ಎಂದು ಅಕ್ಕ ನಕ್ಕಳು. ಗಾದೆ ಕಟ್ಟಿದವರು ಕಿವಿ ಮಂದವಾದವರನ್ನು ನೋಡಿರಲಿಕ್ಕಿಲ್ಲ.

ಯಜಮಾನರು ಹೆಡ್ಡರೇನೂ ಆಗಿರಲಿಲ್ಲ. ಬೇರೆ ಕಡೆ ಅಗ್ಗದ ಸಾಮಾನು ಬಂದು ದೊಡ್ಡ ದೊಡ್ಡ ಕಂಪನಿಗಳು ನೆಲ ಕಚ್ಚಿದ್ದನ್ನು ಅವರೂ ಕಂಡಿದ್ದರು. ಅದಕ್ಕೇ ಒಬ್ಬ ಸಲಹೆಗಾರನನ್ನು ಕರೆಸಿದರು. ಆ ಮನುಷ್ಯ ಶರಟಿನ ತೋಳು ಮಡಚಿಕೊಂಡು, ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಹೇಳಿದ: "ನಿಮ್ಮ ಮುಂದಿನ ಶತ್ರು ನಿಮಗಿಂತ ಒಳ್ಳೇ ಮಾಲು ತರಲ್ಲ, ಕೆಟ್ಟ ಮಾಲು ತರ್ತಾನೆ. ನೀವು ಯಾರಿಗೆ ಇನ್ನೂ ಟೈಮಿದೆ ಅಂತ ವಾಪಸ್ ಕಳಿಸ್ತೀರೋ ಅವರಿಗೆ ಮಾರ್ತಾನೆ. ನೀವು ನಗ್ತೀರಿ. ನೀವು ನಗ್ತಿರೋ ಹೊತ್ತಲ್ಲೇ ಅವನದು ಸುಧಾರಿಸುತ್ತೆ. ಬದುಕಬೇಕಂದ್ರೆ ಆ ಕೆಟ್ಟ ಮಾಲನ್ನ ನೀವೇ ಮಾಡಿ. ಆದರೆ ಈ ಕಟ್ಟಡದಲ್ಲಿ ಬೇಡ. ಬೇರೆ ಜಾಗ, ಬೇರೆ ಜನ, ಬೇರೆ ಗಿರಾಕಿ. ಮುಖ್ಯವಾಗಿ, ನಿಮ್ಮ ಅಳತೆಗೋಲು ಅಲ್ಲಿಗೆ ಒಯ್ಯಬೇಡಿ."

ಎಲ್ಲರೂ ತಲೆಯಾಡಿಸಿದರು. ಓದಮ್ಮನೂ ಆಡಿಸಿದಳು. ತಲೆಯಾಡಿಸುವುದಕ್ಕೇನು, ಕೊಟ್ಟದ್ದು ಕಳೆದದ್ದು ಏನೂ ಇಲ್ಲವಲ್ಲ.

ಕೆಟ್ಟ ಮಾಲು ಮಾಡುವ ಕೆಲಸ ಬಿದ್ದದ್ದು ತಂತಿಯ ಪಾಲಿಗೆ. ಅವನು ಕಂಪನಿಯ ಎಂಜಿನಿಯರು. ಕಡ್ಡಿಯಂತೆ ಉದ್ದಕ್ಕಿದ್ದ, ಜೇಬಿನಲ್ಲಿ ಯಾವಾಗಲೂ ನಾಲ್ಕು ತುಂಡು ತಂತಿ ಇರುತ್ತಿತ್ತು, ಅದಕ್ಕೇ ಆ ಹೆಸರು. ಬೇರೆ ಜಾಗ ಎಂದರೆ ಊರಾಚೆ ಎಂದು ಸಲಹೆಗಾರ ಹೇಳಿದ್ದ. ಯಜಮಾನರು ಮಹಡಿಯ ಮೇಲಿನ ಹಳೆಯ ಉಗ್ರಾಣ ಕೊಟ್ಟರು. ಅಲ್ಲಿ ತಂತಿ ಮತ್ತು ಮೂವರು ಸೇರಿ, ಪರೀಕ್ಷೆಯೂ ಬೇಡ ತಜ್ಞರೂ ಬೇಡ, ಕೊಂಡವರು ತಾವೇ ಕಿವಿಗೆ ಸಿಕ್ಕಿಸಿಕೊಂಡು ಪುಟ್ಟ ಚಕ್ರ ತಿರುಗಿಸಿ ಸದ್ದು ಏರಿಸಿಕೊಳ್ಳುವ ಒಂದು ಯಂತ್ರ ಮಾಡಿದರು. ನೋಡಲು ಕುರೂಪ. ಸದ್ದು ತಗಡಿನ ಡಬ್ಬಿಯೊಳಗೆ ಕುಳಿತು ಮಾತಾಡಿದಂತೆ. ಆದರೆ ಒಂದು ಜೊತೆ ಚಪ್ಪಲಿ ಕೊಳ್ಳುವವರು ಅದನ್ನೂ ಕೊಳ್ಳಬಹುದಿತ್ತು.

ಮಾರಾಟಕ್ಕೆ ಬಿಡುವ ಹಿಂದಿನ ದಿನ ಯಜಮಾನರು ಮಹಡಿ ಹತ್ತಿ ಬಂದು ಅದನ್ನು ಕೈಯಲ್ಲಿ ಹೊರಳಿಸಿ ನೋಡಿದರು. "ಚೆನ್ನಾಗಿದೆ. ನಮ್ಮ ಹೆಸರು ಹಾಕೋದಲ್ವಾ, ಸುಮ್ನೆ ಒಂದ್ಸಲ ಓದಮ್ಮ ಓದಿಬಿಡ್ಲಿ" ಎಂದರು.

ಆ 'ಸುಮ್ನೆ' ಎಂಬ ಪದದಿಂದ ಎಷ್ಟು ಮನೆ ಮುರಿದಿವೆಯೋ ಲೆಕ್ಕವಿಲ್ಲ.

ತಂತಿ ಓದಮ್ಮನ ಬಳಿ ಬಂದು ಬಾಗಿಲಿಗೆ ಒರಗಿ ನಿಂತ. "ಈ ಕೋಣೇಲಿ ಓದಬೇಡ. ಕ್ಯಾಂಟೀನಲ್ಲಿ ಓದು. ರಟ್ಟು ಹಿಡಿಬೇಡ. ಜನ ಮುಖ ನೋಡ್ಕೊಂಡೇ ತಾನೆ ಮಾತಾಡೋದು?"

"ಮುಖ ನೋಡಿದ್ರೆ ಅದು ಕಿವಿಯ ಪರೀಕ್ಷೆ ಹೇಗಾಗುತ್ತೆ?"

"ಅಂಗಡೀಲಿ ಹಾಲು ಕೊಡಿ ಅಂದ್ರೆ ಯಾರಾದ್ರೂ ಕಾಲು ತಂದುಕೊಡ್ತಾರಾ ಓದಮ್ಮ?"

ಅವಳಿಗೆ ನಗು ಬಂತು, ಆದರೂ ರಟ್ಟು ಕೈಗೆತ್ತಿಕೊಂಡಳು. "ನಿಂಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಮಾಡಕ್ಕಾಗಲ್ಲ ತಂತಿ."

ಯಂತ್ರ ಹಾಕಿಕೊಂಡು ಕೂತವರು ಒಬ್ಬ ನಿವೃತ್ತ ಮೇಷ್ಟ್ರು. ಕಂಪನಿ ಪರೀಕ್ಷೆಗೆಂದು ಆಗಾಗ ಕರೆಸುತ್ತಿದ್ದ, ಸ್ವಂತಕ್ಕೆ ಯಂತ್ರವಿಲ್ಲದ ಮನುಷ್ಯ. ಓದಮ್ಮ ಓದಿದಳು. ಅವರು ಕಾಲಿಗೆ ಹಾಲೆಂದರು, ಬಿಲ್ಲಿಗೆ ಕಲ್ಲೆಂದರು. ಇಪ್ಪತ್ತಕ್ಕೆ ಹದಿಮೂರು. ಯಂತ್ರ ಬಿಚ್ಚಿಕೊಡಿ ಎಂದು ಕೈ ಚಾಚಿದರೆ ಮೇಷ್ಟ್ರು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. "ಇದನ್ನ ಮನೆಗೆ ಒಯ್ಯಬಹುದಾ? ಮೊಮ್ಮಗು ಅಳೋದು ಕೇಳಿದ್ರೆ ಸಾಕು ನಂಗೆ."

ಅದನ್ನು ಬರೆದುಕೊಳ್ಳಲು ಹಾಳೆಯಲ್ಲಿ ಜಾಗವಿರಲಿಲ್ಲ. ಹದಿಮೂರು ಎಂದು ಬರೆದು ಓದಮ್ಮ ಸಹಿ ಹಾಕಿದಳು. ಅವಳು ಸುಳ್ಳು ಬರೆಯಲಿಲ್ಲ, ಯಾರ ಮೇಲೂ ಹಗೆ ಸಾಧಿಸಲಿಲ್ಲ. ಮಾಡಬೇಕಾದ ಕೆಲಸವನ್ನು ಮಾಡಬೇಕಾದ ಹಾಗೆಯೇ ಮಾಡಿದಳು. ಕಂಪನಿ ಸತ್ತದ್ದು ಹಾಗೆಯೇ.

ತಂತಿಗೆ ಇನ್ನಷ್ಟು ಸುಧಾರಿಸಿ ತಾ ಎಂದರು. ಸುಧಾರಿಸುತ್ತ ಹೋದರೆ ಅದೂ ದುಬಾರಿಯಾಗುತ್ತದೆ ಎಂದು ಅವನು ಹೇಳಿದ. ಯಜಮಾನರದು ಜಾಣಕಿವುಡು. ಬೇಡವಾದದ್ದು ಆ ಕಿವಿಗೆ ಬೀಳುತ್ತಿರಲಿಲ್ಲ, ಅದಕ್ಕೆ ಯಂತ್ರವನ್ನು ಯಾವ ಕಂಪನಿಯೂ ಮಾಡಿಲ್ಲ. ಸ್ವಲ್ಪ ದಿನದಲ್ಲಿ ತಂತಿ ತನ್ನ ಜೇಬಿನ ತಂತಿಗಳೊಂದಿಗೆ ಹೊರಟುಹೋದ. ಅವನು ಹೋದ ದಿನ ಉಗ್ರಾಣಕ್ಕೆ ಮುರಿದ ಕುರ್ಚಿಗಳು ವಾಪಸು ಬಂದವು.

ಆಮೇಲೆ ಅವನ ಯಂತ್ರ ಕನ್ನಡಕದ ಅಂಗಡಿಗಳಲ್ಲಿ ಕಾಣಿಸಿತು. ಕಂಪನಿಯಲ್ಲಿ ಎಲ್ಲರೂ ನಕ್ಕರು. ಕಣ್ಣಿನ ಅಂಗಡಿಯಲ್ಲಿ ಕಿವಿ ಮಾರುತ್ತಿದ್ದಾನೆ, ನಾಳೆ ಚಪ್ಪಲಿ ಅಂಗಡಿಯಲ್ಲಿ ಹಲ್ಲು ಮಾರುತ್ತಾನೆ ಎಂದರು. ಸಲಹೆಗಾರ ಹೇಳಿದ್ದ ನಗು ಇದೇ ಎಂದು ಯಾರಿಗೂ ನೆನಪಾಗಲಿಲ್ಲ.

ಒಂದು ಸಂಜೆ ಓದಮ್ಮ ಮನೆಗೆ ಬಂದಾಗ ಅಕ್ಕ ಹೊಲಿಗೆ ನಿಲ್ಲಿಸಿ ಸುಮ್ಮನೆ ಕುಳಿತಿದ್ದಳು. ಮುಖ ಅರಳಿತ್ತು. "ಗಡಿಯಾರಕ್ಕೆ ಸದ್ದಿದೆ ಅನ್ನೋದೇ ಮರೆತುಹೋಗಿತ್ತು ಕಣೆ" ಎಂದಳು. "ಕೆಳಗಡೆ ಬೀಗದವನು ಅರ ಉಜ್ಜೋದು ಕೇಳಿಸ್ತಾ ಇದೆ. ನೀನು ಮೆಟ್ಟಿಲು ಹತ್ತಿದ್ದೂ ಕೇಳಿಸ್ತು, ಗೊತ್ತಾ?"

ಅವಳ ಕಿವಿಯ ಹಿಂದೆ ತಂತಿಯ ಕುರೂಪಿ ಯಂತ್ರ ಕುಳಿತಿತ್ತು.

ಓದಮ್ಮನಿಗೆ ಮೈಯೆಲ್ಲ ಉರಿಯಿತು. ತಾನು ಕೂಡಿ ಕಳೆದು ಆಟದ ಸಾಮಾನು ಎಂದು ಸಹಿ ಹಾಕಿದ್ದು ತನ್ನ ಮನೆಯಲ್ಲೇ, ತನ್ನ ಅಕ್ಕನ ಕಿವಿಯಲ್ಲೇ! ಊಟಕ್ಕೂ ಕೂರದೆ ಅಕ್ಕನನ್ನು ಮೇಜಿನ ಎದುರು ಕೂರಿಸಿ, ಕೈಗೆ ಸಿಕ್ಕ ಕ್ಯಾಲೆಂಡರಿನ ರಟ್ಟು ಬಾಯಿಗೆ ಹಿಡಿದು ಇಪ್ಪತ್ತು ಪದ ಹೇಳಿದಳು. ಅಕ್ಕ ಆಟವಾಡುವವಳಂತೆ ಉತ್ಸಾಹದಿಂದ ಉತ್ತರಿಸಿದಳು. ಹದಿಮೂರೇ ಬಂತು.

"ನೋಡು. ಏಳು ತಪ್ಪು. ಯಂತ್ರ ಇಲ್ದೆನೇ ಹದಿನಾರು ಹೇಳಿದ್ದೆ ನೀನು. ನಿನ್ನ ಕಿವಿಗೆ ಹೂ ಇಟ್ಟಿದ್ದಾನೆ ಅವನು."

"ಆವಾಗಿನ ಕಿವಿ ಬೇರೆ, ಈಗಿಂದು ಬೇರೆ. ಹೂವೇ ಇರ್ಲಿ ಬಿಡೆ, ಚೆನ್ನಾಗಿದೆ."

"ತೆಗಿ ಅಕ್ಕ. ನಾನು ಅಲ್ಲಿ ಕೆಲಸ ಮಾಡ್ಕೊಂಡು, ನೀನು ಇದನ್ನ ಹಾಕ್ಕೊಂಡು ಓಡಾಡಿದ್ರೆ ನಾಲ್ಕು ಜನ ಏನಂತಾರೆ? ನಿಂಗೆ ಒಳ್ಳೇದೇ ತಂದುಕೊಡ್ತೀನಿ. ಸರದಿ ಹತ್ರ ಬಂದಿದೆ."

ಸಾಕಿದ ಮಗುವಿನ ಹಟ ಅಕ್ಕನಿಗೆ ಗೊತ್ತಿಲ್ಲದ್ದಲ್ಲ. ಯಂತ್ರವನ್ನು ತೆಗೆದು, ಗುಂಡಿಗಳ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಒತ್ತಿದಳು. "ಸರಿ, ನಿಂದೇ ಬರ್ಲಿ" ಎಂದಳು. ಆಮೇಲೆ ಅದರ ಮಾತೇ ಎತ್ತಲಿಲ್ಲ.

ಸರದಿ ಹತ್ತಿರ ಬಂದದ್ದು ಸುಳ್ಳಲ್ಲ. ಹತ್ತಿರ ಬಂದದ್ದೆಲ್ಲ ಕೈಗೆ ಸಿಗುವುದಿಲ್ಲ, ಅಷ್ಟೇ. ಒಮ್ಮೆ ಆಸ್ಪತ್ರೆಯಿಂದ ದೊಡ್ಡ ಬೇಡಿಕೆ ಬಂತು, ಸಿಬ್ಬಂದಿಯ ಪಾಲು ನಿಂತಿತು. ಇನ್ನೊಮ್ಮೆ ಸಿಕ್ಕೇಬಿಟ್ಟಿತು ಎನ್ನುವಾಗ ಓದಮ್ಮನೇ ಬಿಟ್ಟುಕೊಟ್ಟಳು, ಮುಂದಿನ ವರ್ಷದ ಮಾದರಿ ಇದಕ್ಕಿಂತ ಎಷ್ಟು ಚೆನ್ನಾಗಿದೆಯೆಂದು ಅವಳೊಬ್ಬಳಿಗೇ ತಾನೆ ಗೊತ್ತಿದ್ದದ್ದು? ವರ್ಷಗಳು ಹಾಗೆ ಹೋದವು. ಮನೆಯಲ್ಲಿ ಅಕ್ಕ ಎದುರೆದುರು ಕುಳಿತಾಗ ಸರಾಗವಾಗಿ ಮಾತಾಡುತ್ತಿದ್ದಳು, ಒಲೆಯ ಕಡೆ ತಿರುಗಿದ್ದಾಗ ಕರೆದರೆ ಓ ಎನ್ನುತ್ತಿರಲಿಲ್ಲ. "ಬೇಕಾದ್ದು ಕೇಳುತ್ತೆ, ಪಾತ್ರೆ ತೊಳಿ ಅಂದ್ರೆ ಕೇಳಲ್ಲ, ಜಾಣಕಿವುಡು ನಿಂದು" ಎಂದು ಓದಮ್ಮ ಮುಂದೆ ಬಂದು ನಿಂತು ರೇಗಿಸುತ್ತಿದ್ದಳು. ಮುಂದೆ ಬಂದು ನಿಂತರೆ ಅಕ್ಕನಿಗೆ ಅದು ತಿಳಿಯುತ್ತಿತ್ತು, ಅವಳು ನಗುತ್ತಿದ್ದಳು. ಊರವರ ಕಿವಿಯನ್ನೆಲ್ಲ ಅಳೆದವಳು ಮನೆಯಲ್ಲಿ ಬಾಯಿಗೆ ರಟ್ಟು ಹಿಡಿಯುವುದಿಲ್ಲವಲ್ಲ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಹೊಲಿಸಿಕೊಳ್ಳಲು ಬರುವವರು ಕಡಿಮೆಯಾದದ್ದಕ್ಕೆ ರೆಡಿಮೇಡ್ ಬಟ್ಟೆಯೇ ಕಾರಣ ಎಂದು ಇಬ್ಬರೂ ಮಾತಾಡಿಕೊಂಡರು.

ಈ ವರ್ಷಗಳಲ್ಲಿ ತಂತಿ ಸುಮ್ಮನೆ ಕೂತಿರಲಿಲ್ಲ. ಅವನು ಕನ್ನಡಕದ ಅಂಗಡಿಗಳ ಬೆಂಚಿನ ಮೇಲೆ ಕುಳಿತು, ಕೊಂಡವರನ್ನು ಏನು ತೊಂದರೆ ಎಂದು ಕೇಳುತ್ತಿದ್ದನಂತೆ. ಪದ ತಪ್ಪು ಕೇಳಿಸುತ್ತದೆ ಎಂದು ಮೊದಮೊದಲು ಯಾರೂ ದೂರಲೇ ಇಲ್ಲ. ವಯಸ್ಸಾದ ಬೆರಳಿಗೆ ಬ್ಯಾಟರಿಯ ಮುಚ್ಚಳ ಸಿಗುವುದಿಲ್ಲ ಎಂದರು, ಅವನು ಮುಚ್ಚಳ ದೊಡ್ಡದು ಮಾಡಿದ. ಗಾಳಿಗೆ ಗೊರಗೊರ ಎನ್ನುತ್ತದೆ ಎಂದರು, ಅದನ್ನು ಸರಿಪಡಿಸಿದ. ಮೊದಲು ಏನೂ ಇಲ್ಲದವರು ಕೊಂಡರು, ಆಮೇಲೆ ಸ್ವಲ್ಪ ಇದ್ದವರು ಕೊಂಡರು. ಹಾಗೆ ಬಂದ ಕಾಸಿನಲ್ಲಿ ನಿಧಾನವಾಗಿ ಸದ್ದಿನ ಕಡೆ ಬಂದ. ಕಡೆಗೊಂದು ದಿನ ಆಸ್ಪತ್ರೆಯ ತಜ್ಞರೊಬ್ಬರು ಯಜಮಾನರಿಗೆ ಫೋನ್ ಮಾಡಿ, ನಿಮ್ಮದು ಬೇಡ, ಇದು ಸಾಕು ಎಂದರು.

ಯಜಮಾನರು ಅದೊಂದನ್ನು ತರಿಸಿ, "ಓದಮ್ಮ" ಎಂದರು. ಮೊದಲ ದಿನದ ಹಾಗೆಯೇ ಎಂದರು.

ಅವಳು ಓದಿದಳು. ಆ ಕಡೆ ಕೂತವರು ಒಂದು ಪದ ಮಾತ್ರ ತಪ್ಪಿದರು.

"ಹತ್ತೊಂಬತ್ತು" ಎಂದಳು.

"ರಟ್ಟು ಸರಿಯಾಗಿ ಹಿಡಿದಿದ್ದೆಯಾ?" ಎಂದು ಕೇಳಿದರು ಯಜಮಾನರು. ಅವಳು ಹೂಂ ಎಂದಳು. ಅವರು ಕೋಣೆಯ ದೀಪ ತಾವೇ ಆರಿಸಿದರು.

ಕಂಪನಿ ಮುಚ್ಚುವುದೆಂದರೆ ಒಂದೇ ದಿನದಲ್ಲಿ ಬೀಗ ಬೀಳುವುದಲ್ಲ. ಮೊದಲು ಕ್ಯಾಂಟೀನು ನಿಂತಿತು, ಆಮೇಲೆ ಹೂಕುಂಡಗಳಿಗೆ ನೀರು ನಿಂತಿತು, ಆಮೇಲೆ ಜನ ಒಬ್ಬೊಬ್ಬರಾಗಿ ಪೆಟ್ಟಿಗೆ ಹೊತ್ತುಕೊಂಡು ಇಳಿದರು. ಉಳಿದ ಯಂತ್ರಗಳನ್ನು ಇದ್ದ ಸಿಬ್ಬಂದಿಗೆ ಹಂಚಿದರು. ಓದಮ್ಮನಿಗೆ ಸಿಕ್ಕಿದ್ದು ಕಟ್ಟಕಡೆಯ ಮಾದರಿ, ಕಂಪನಿ ಮಾಡಿದ್ದರಲ್ಲೆಲ್ಲ ನಯವಾದದ್ದು. ಅಕ್ಕನ ಸರದಿ ಕೊನೆಗೂ ಬಂದಿತ್ತು. ಗೋಡೆಯ ಹೊದಿಕೆ ಕೀಳುವವರು ಮಧ್ಯಾಹ್ನ ಬರುತ್ತಾರೆ ಎಂದಿದ್ದರಿಂದ ಓದಮ್ಮ ಬೆಳಿಗ್ಗೆಯೇ ಅಕ್ಕನನ್ನು ಕರೆತಂದಳು. ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

ಯಂತ್ರವನ್ನು ಕಿವಿಗೆ ಕೂರಿಸಿದೊಡನೆ ಅಕ್ಕ ಬೆಚ್ಚಿದಳು. ಆಮೇಲೆ ಕಣ್ಣರಳಿಸಿ ನಕ್ಕಳು. "ಕೇಳ್ತಿದೆ" ಎಂದಳು. ಓದಮ್ಮ ಗಾಜಿನ ಈ ಬದಿಗೆ ಬಂದು, ಎಷ್ಟೋ ವರ್ಷದ ಅಭ್ಯಾಸದಲ್ಲಿ ರಟ್ಟು ಬಾಯಿಗೆ ಹಿಡಿದು, ಮೊದಲ ಪದ ಓದಿದಳು.

"ಕಾಲು."

"ಹಾಲು" ಎಂದಳು ಅಕ್ಕ.

"ಮುಳ್ಳು."

ಅಕ್ಕ ತಡವರಿಸಿದಳು. "ಹಾಲು."

"ಬೆಣೆ." "ಹಾಲು." "ಕದ." ಅಕ್ಕ ಈ ಸಲ ಏನೂ ಹೇಳದೆ, ತಲೆ ಒಂದು ಕಡೆ ವಾಲಿಸಿ, ಪಕ್ಕದ ಮನೆಯಲ್ಲಿ ಯಾರೋ ಮಾತಾಡುವುದನ್ನು ಆಲಿಸುವವಳಂತೆ ಕುಳಿತಳು. ಓದಮ್ಮ ಸದ್ದು ಏರಿಸಿದಳು, ಇಳಿಸಿದಳು, ಯಂತ್ರವನ್ನು ಬಿಚ್ಚಿ ಮತ್ತೆ ಕೂರಿಸಿದಳು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಇಪ್ಪತ್ತಕ್ಕೆ ಎರಡು ಬಂತು.

ಏನಾಗಿದೆಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಡವಾಗಿ ಬಂದ ಎಷ್ಟೋ ಜನರ ಮಕ್ಕಳಿಗೆ, ಗಂಡಂದಿರಿಗೆ ಅವಳೇ ಗದರಿ ಹೇಳಿದ್ದ ಮಾತು ಅದು: "ಕಿವಿ ಬರಿದೇ ಬಿಟ್ರೆ ತಲೆ ಮಾತಿನ ಗುರುತು ಮರೆತುಬಿಡುತ್ತೆ. ಆಮೇಲೆ ಎಂಥ ಯಂತ್ರ ಹಾಕಿದ್ರೂ ಸದ್ದು ಬರುತ್ತೆ, ಪದ ಬರಲ್ಲ. ಇಷ್ಟು ದಿನ ಏನ್ ಮಾಡ್ತಿದ್ರಿ?" ತಗಡಿನ ಸದ್ದಾದರೂ ಸರಿ, ಏನಾದರೊಂದು ಕಿವಿಗೆ ಬೀಳುತ್ತಿದ್ದರೆ ಗುರುತು ಉಳಿಯುತ್ತಿತ್ತು. ಗುಂಡಿಯ ಡಬ್ಬಿಯಲ್ಲಿ ತಂತಿಯ ಯಂತ್ರ ಈಗಲೂ ಇದೆ. ಅದನ್ನು ತೆಗೆಸಿದವಳು ತಾನು. ತನ್ನನ್ನು ಓದಿಸಿದವಳ ತಲೆಯಿಂದ ಒಂದೊಂದೇ ಪದವನ್ನು ಅಳಿಸಿದವಳೂ ತಾನೇ, ಪ್ರೀತಿಯಿಂದ, ಒಳ್ಳೆಯದೇ ಸಿಗಲಿ ಎಂದು.

ಗಾಜಿನ ಆಚೆ ಅಕ್ಕ ಕೈ ಆಡಿಸಿದಳು. "ಆ ರಟ್ಟು ತೆಗಿಯೆ. ನಿನ್ನ ಮುಖ ಕಾಣಿಸಿದ್ರೆ ನಂಗೆಲ್ಲಾ ಕೇಳುತ್ತೆ. ಮನೇಲಿ ಕೇಳಲ್ವಾ?"

ಓದಮ್ಮ ರಟ್ಟು ಕೆಳಗಿಟ್ಟಳು. ತಪ್ಪಾಯ್ತು ಅಕ್ಕ ಎಂದು ಹೇಳಲು ಬಾಯಿ ತೆರೆದಳು. ದನಿ ಹೊರಟಿತು, ಆದರೆ ತುಟಿಗಳು ಅದುರುತ್ತಿದ್ದವು, ಗಲ್ಲ ಒಂದು ಕಡೆ ಎಳೆಯುತ್ತಿತ್ತು. ಅಳುವ ಬಾಯಲ್ಲಿ ಪದಕ್ಕೆ ಆಕಾರವಿರುವುದಿಲ್ಲ. ಅಕ್ಕ ಗಾಜಿಗೆ ಮುಖ ತಾಗುವಷ್ಟು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ ತುಟಿಗಳನ್ನೇ ನೋಡಿದಳು.

"ಇನ್ನೊಂದ್ಸಲ ಹೇಳು" ಎಂದಳು.

ಓದಮ್ಮ ಇನ್ನೊಂದು ಸಲ ಹೇಳಿದಳು. ಅಕ್ಕ, ಪರೀಕ್ಷೆ ಇನ್ನೂ ಮುಗಿದಿಲ್ಲವೆಂದುಕೊಂಡು, "ಹಾಲು" ಎಂದಳು.